ಫೋನಿಗೆ ಮಾತು ಬಂದ ದಿನ

ಆಗ ನನಗೆ ಅರವತ್ತೇಳು. ಮೂರು ವರ್ಷದ ಹಿಂದಿನ ಮಾತು. ಮಂಚದ ಮೇಲೆ ಬಿದ್ದಿದ್ದ ಫೋನು ಈಗ ತಾನೇ "ಬ್ಯಾಟರಿ ಕಡಿಮೆ ಇದೆ" ಎಂದು ಒದರಿತು, ಅದಕ್ಕೇ ನೆನಪಾಯಿತು. ಇದಕ್ಕೆ ಮಾತು ಬರಿಸಿದ ದಿನ ಆದಷ್ಟು ಸುಸ್ತು ನನಗೆ ಕಬ್ಬು ಕಡಿದ ದಿನಗಳಲ್ಲೂ ಆಗಿರಲಿಲ್ಲ.

ಸಕ್ಕರೆ ಕಾಯಿಲೆ ಎರಡು ಕಣ್ಣನ್ನೂ ತಿಂದಿತ್ತು. ಇನ್ನು ದೃಷ್ಟಿ ಬರುವುದಿಲ್ಲ ಎಂದರು ಮಂಡ್ಯದ ಡಾಕ್ಟರು. ಬರುವುದಿಲ್ಲ ಅಂದರೆ ಬರುವುದಿಲ್ಲ, ನೀವೇ ಹೇಳಿ, ಅತ್ತು ಏನು ಮಾಡುವುದು. ತೊಂದರೆ ಇದ್ದದ್ದು ಬೇರೆ. ಮಗ ಲಾರಿ ಮೇಲೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಸೊಸೆ ಸವಿತಾ ಬೆಳಿಗ್ಗೆ ಸೋಮನಹಳ್ಳಿಯ ಫ್ಯಾಕ್ಟರಿಗೆ ಹೋಗುತ್ತಾಳೆ. ಹಗಲೆಲ್ಲ ಕೊಪ್ಪದ ಈ ಮನೆಯಲ್ಲಿ ನಾನೊಬ್ಬಳೇ. ಜಾರಿ ಬಿದ್ದರೆ ಫೋನು ಮಾಡುವುದಕ್ಕಾದರೂ ಬರಬೇಕು. ಬರದಿದ್ದರೆ ಅವಳು ಕೆಲಸ ಬಿಡಬೇಕು, ಇಲ್ಲ ನಾನು ಮಳವಳ್ಳಿಯಲ್ಲಿ ತಮ್ಮನ ಮನೆ ಸೇರಬೇಕು. ಸೋಮವಾರ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಅವನು ಆಗಲೇ ಹೇಳಿಬಿಟ್ಟಿದ್ದ. ಅವನ ಹೆಂಡತಿ ಕೊಡುವ ಕಾಫಿಯ ಬಿಸಿ ಎಷ್ಟೆಂದು ನನಗೆ ಗೊತ್ತು.

ಕಣ್ಣಿಲ್ಲದವರಿಗೆ ಫೋನೇ ಓದಿ ಹೇಳುತ್ತದೆ ಎಂದು ಆಸ್ಪತ್ರೆಯಲ್ಲಿ ಯಾರೋ ಸವಿತಾಗೆ ಹೇಳಿದ್ದರಂತೆ. ಭಾನುವಾರ ನನ್ನ ಫೋನಿನಲ್ಲಿ ಅದನ್ನು ಆನ್ ಮಾಡಿ ಕೂತಳು. ಮೊದಲು ಇಂಗ್ಲಿಷಿನಲ್ಲಿ ಗೊಣಗಿತು. ಕನ್ನಡದ ದನಿ ಇಳಿಸಿಕೊಳ್ಳುವ ಹೊತ್ತಿಗೆ ಮಧ್ಯಾಹ್ನ ಕಳೆಯಿತು. ಒಂದು ಸಲ ಮುಟ್ಟಿದರೆ ಹೇಳುತ್ತದೆ, ಎರಡು ಸಲ ಕುಟ್ಟಿದರೆ ಮಾಡುತ್ತದೆ. ಅದು ಗೊತ್ತಾಗುವ ತನಕ ಅವಳು ಎಷ್ಟು ಒತ್ತಿದರೂ ಏನೂ ತೆರೆಯಲಿಲ್ಲ.

"ಕಣ್ಣಿರೋಳ್ಗೂ ಇದು ಬಗ್ಗ್ತಿಲ್ವಲ್ಲಮ್ಮಿ," ಅಂದೆ.

"ಸುಮ್ಕಿರಿ ಅತ್ತೆ, ನಂಗೂ ಸಾಕಾಗೈತೆ."

ನನಗೆ ಅಕ್ಷರ ಅಷ್ಟಕ್ಕಷ್ಟೆ. ಕಣ್ಣಿದ್ದಾಗ ಪಕ್ಕದ ಮನೆ ಹುಡುಗನ ಕೈಲಿ ಒಬ್ಬೊಬ್ಬರ ಹೆಸರಿನ ಜಾಗದಲ್ಲಿ ಒಂದೊಂದು ಚಿತ್ರ ಹಾಕಿಸಿಕೊಂಡಿದ್ದೆ. ಹಾಲಿನ ಡೈರಿಗೆ ಹಸು, ಕಂಡಕ್ಟರಾಗಿದ್ದ ತಮ್ಮನಿಗೆ ಬಸ್ಸು. ನಾನು ಬೆರಳು ಎಳೆದಂತೆಲ್ಲ ಫೋನು ಓದಿತು: ಹಸು. ಬಸ್ಸು. ಮೆಣಸಿನಕಾಯಿ.

ಬೆರಳು ಅಲ್ಲೇ ನಿಂತಿತು.

"ಮೆಣ್ಸಿನ್ಕಾಯಿ ಯಾರತ್ತೆ?"

"ಯಾರೋ ಅಂಗ್ಡಿಯೋನು."

"ಎಲ್ಡು ಸಲ ಕುಟ್ಟಿ, ನೋಡವ."

ಕುಟ್ಟಿದೆ. ಅವಳ ಮಡಿಲಲ್ಲೇ ಇನ್ನೊಂದು ಫೋನು ಬಡಿದುಕೊಂಡಿತು.

ಮಳವಳ್ಳಿಯೇ ಗತಿ ಎಂದುಕೊಂಡೆ.

"ನಾನಾ ಅತ್ತೆ?"

"ಇನ್ಯಾರು? ನೀ ಬಂದ ಒಸದ್ರಲ್ಲಿ ನಿನ್ ಬಾಯಿ ಅಂಗಿತ್ತು."

"ಈಗ?"

"ಈಗ್ಲೂ ಅಂಗೇ ಐತೆ. ನಂಗೆ ಅಭ್ಯಾಸ ಆಗೈತೆ."

ಬಡಿದುಕೊಳ್ಳುತ್ತಿದ್ದ ತನ್ನ ಫೋನು ನಿಲ್ಲಿಸಿದಳು. ಆಮೇಲೆ, "ನನ್ ಫೋನ್ಗೇನಾರ ಮಾತು ಬಂದು ನಿಮ್ ಹೆಸ್ರು ಓದ್ಬುಟ್ರೆ ನೀವು ಇವತ್ತೇ ಮಳವಳ್ಳಿ ಬಸ್ ಅತ್ಬುಡ್ತೀರ," ಅಂದಳು. ಚಿತ್ರ ತೆಗೆದುಹಾಕು ಎಂದರೆ ಕೇಳಲಿಲ್ಲ. "ಬುಡಿ, ಇರ್ಲಿ. ಇನ್ನೊಂದ್ಸಲ ಕುಟ್ಟಿ."

ದೀಪ ಹಚ್ಚುವವರೆಗೂ ಕುಟ್ಟಿಸಿದಳು.

ಮಾರನೆಯ ಬೆಳಿಗ್ಗೆ ಅವಳು ಫ್ಯಾಕ್ಟರಿ ವ್ಯಾನು ಹತ್ತಿದ ಮೇಲೆ, ನಾನೇ ತಡವಿ ತಮ್ಮನಿಗೆ ಫೋನು ಮಾಡಿದೆ.

"ಬರ್ಬ್ಯಾಡ ಕಣ್ಲಾ. ನಾ ಬರಾಕಿಲ್ಲ."

"ಫೋನ್ ಯಾರಕ್ಕ ಮಾಡ್ಕೊಟ್ಟಿದ್ದು?"

"ಮನೇಲಿ ಯಾರೂ ಇಲ್ಲ. ನಾನೇ."

ಫೋನು ಇಡುವುದನ್ನು ಸವಿತಾ ಇನ್ನೂ ಹೇಳಿಕೊಟ್ಟಿರಲಿಲ್ಲ. ಅವನೇ ಇಡಲಿ ಎಂದು ಹಾಗೇ ಹಿಡಿದುಕೊಂಡು ಕೂತೆ.