ತೊಗರಿ ಕಡಿಯುವ ಹಲ್ಲು

ಭಾಲ್ಕಿಯ ಗಂಜ್ ಮಾರುಕಟ್ಟೆಯಲ್ಲಿ ಕಾಳಿನ ಅಡತಿ ದಲಾಲಿ ಅಂಗಡಿ ಇಟ್ಟಿರುವ ಶಿವರಾಜಪ್ಪನವರು ತಮ್ಮ ಹಲ್ಲಿನ ಕ್ಯಾಪನ್ನು ಹೊಸ ಅಳಿಯನಂತೆ ನೋಡಿಕೊಳ್ಳುತ್ತಾರೆ. ಅಡಿಕೆ ಬಿಟ್ಟರು, ಒಣಗಿ ಗಟ್ಟಿಯಾದ ಕಟಿರೊಟ್ಟಿಯನ್ನು ಬ್ಯಾಳಿಯಲ್ಲಿ ನೆನೆಸಿ ಇನ್ನೊಂದು ದವಡೆಯಿಂದ ಅಗಿಯುತ್ತಾರೆ, ಚಕ್ಕುಲಿ ಕಂಡರೆ ಮುಖ ತಿರುಗಿಸುತ್ತಾರೆ, ಮಲಗುವ ಮುಂಚೆ ತಪ್ಪದೆ ಹಲ್ಲುಜ್ಜುತ್ತಾರೆ. ಆದರೆ ಸುಗ್ಗಿಯಲ್ಲಿ ರೈತನೊಬ್ಬ ತೊಗರಿ ಚೀಲ ಬಿಚ್ಚಿದರೆ ಸಾಕು, ಒಂದು ಕಾಳು ನೇರ ಆ ಕ್ಯಾಪಿನಡಿಗೇ ಹೋಗಿ 'ಕಟ್' ಎನ್ನುತ್ತದೆ. ಮೊನ್ನೆ ಮತ್ತೆ ಕ್ಯಾಪು ಒಡೆಯಿತು. ಬೀದರಿನ ಹಲ್ಲಿನ ಡಾಕ್ಟರು ಮಂಜಿರಿ ಸಿಟ್ಟಾದರು: "ತೇವ ನೋಡ್ಲಾಕ ಮಿಷನ್ ಅದಲ್ರಿ ಕಾಕಾ, ಯಾಕ ಕಡೀತೀರಿ?" ಶಿವರಾಜಪ್ಪನವರು ಹೇಳಿದರು: "ಮಿಷನ್ ನೋಡೇ ರೇಟ್ ಹೇಳ್ತೇನ್ರಿ. ಖರೇ ಅಂದ್ರ ಈ ಹಲ್ಲಿಗಿ ಹಸೀದೋ ಒಣಗಿದ್ದೋ ತಿಳಿಯಂಗೇ ಇಲ್ಲ. ಆದ್ರ ಬೆಳೆದಾಂವ ನನ್ನ ಬಾಯಿನೇ ನೋಡ್ಕೋತ ನಿಂತಿರ್ತಾನ. ಅವನ ಕಾಳು ಬರೇ ಮಿಷನ್ನೇ ರುಚಿ ನೋಡಿದ್ರ ಹ್ಯಾಂಗ್ರಿ?"