ಸೀದಾ, ಉಲ್ಟಾ

ಹುಮನಾಬಾದಿನಲ್ಲಿ ನಮ್ಮ ಲೇಥ್ ಅಂಗಡಿ, ಬಸವಕಲ್ಯಾಣದಲ್ಲಿ ಮನೆ. ಕಬ್ಬಿನ ರಸದ ಮಷೀನುಗಳ ಸವೆದ ಗೇರುಗಳಿಗೆ ಅಪ್ಪ ಹೊಸ ಜೋಡಿ ಕಡೆದು ಕೊಡುತ್ತಿದ್ದರು. ಕೂಡಿಸಿದ ಮೇಲೆ ಒಂದೊಂದು ಗೇರಿನ ಮೇಲೂ ಬೆರಳಿಟ್ಟು "ಸೀದಾ... ಉಲ್ಟಾ... ಸೀದಾ..." ಎಂದು ಕೂಗದೆ ಅವರು ಹಿಡಿಕೆ ಮುಟ್ಟುತ್ತಿರಲಿಲ್ಲ. ಹಲ್ಲಿಗೆ ಹಲ್ಲು ಕೂತ ಮೇಲೆ ಪಕ್ಕದ್ದು ಎದುರು ದಿಕ್ಕಿಗೇ ತಿರುಗಬೇಕಲ್ಲ.

ನಾನು ಆ ಅಂಗಡಿಯ ಮಂಗ. ಬಸ್ಸಿನ ಕಂಡಕ್ಟರ್, ಹಳ್ಳಿಖೇಡದ ಟ್ರ್ಯಾಕ್ಟರ್ ಡ್ರೈವರು, ಯಾರನ್ನೂ ಅಣಕಿಸದೆ ಬಿಟ್ಟವನಲ್ಲ. ಅಪ್ಪನ ದನಿಯಲ್ಲಿ ಚಹಾ ಕೂಗಿದರೆ ಹೋಟೆಲಿನವನು ಓಡಿ ಬರುತ್ತಿದ್ದ.

"ಲೇ ಹರಾಮಖೋರ, ನನ್ನ ಗಂಟಲಾ ಯಾಕ ಕದೀತಿ? ನಿಂದು ಇಲ್ಲೇನು?"

"ಅದ ಅಪ್ಪಾ. ತುಕ್ಕು ಹಿಡದದ."

ಗೇರುಗಳಿಂದಲೇ ಒಂದು ಚೆಂಡು ಮಾಡಬೇಕು, ಒಂದನ್ನು ತಿರುಗಿಸಿದರೆ ಎಲ್ಲವೂ ತಿರುಗಬೇಕು. ಇದು ನಮ್ಮಿಬ್ಬರ ಹುಚ್ಚು. "ಇದರಾಗ ಕಬ್ಬು ಎಲ್ಲಿ ಹಾಕಬೇಕ್ರೀ?" ಎಂದು ಗಿರಾಕಿಯೊಬ್ಬರು ಕೇಳಿದ್ದರು. "ಹಾಕಲಾಕ ಅಲ್ಲರಿ, ನೋಡಲಾಕ" ಎಂದಿದ್ದರು ಅಪ್ಪ.

ಆಮೇಲೆ ಅವರ ಗಂಟಲಲ್ಲಿ ಗಡ್ಡೆ. ಹೈದರಾಬಾದಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದು, ಉಸಿರಿಗೆ ಕತ್ತಿನಲ್ಲೊಂದು ತೂತು ಬಿಟ್ಟರು. ಗಡ್ಡೆ ಮತ್ತೆ ಬಂತು. ಇನ್ನು ಮನೆಯಲ್ಲೇ ಇರಲಿ, ಬೇಕಾದ್ದು ಕೊಡಿ ಎಂದರು ಡಾಕ್ಟರು. ಏನು ಬೇಕೆಂದು ಕೇಳಿದರೆ ಅಪ್ಪ ಎರಡೂ ಕೈಗಳಲ್ಲಿ ಗಾಳಿಯಲ್ಲೊಂದು ಚೆಂಡು ಹಿಡಿದು ತಿರುಗಿಸಿ ತೋರಿಸಿದರು.

ನಾನು ಶಾಣ್ಯಾ, ದೊಡ್ಡ ಜಾಣ. ಮುಖ ಹೆಚ್ಚಿದ್ದಷ್ಟೂ ಚೆಂಡು ದುಂಡಗೆ ಕಾಣುತ್ತದೆಂದು ಹನ್ನೆರಡು ಮುಖದ್ದನ್ನು ಆರಿಸಿದೆ. ಮುಖಕ್ಕೊಂದು ಗೇರು, ಓರೆ ಹಲ್ಲು, ಹೊಳೆಯುವ ಪಾಲಿಶ್. ಮೊದಲ ಸುತ್ತು ಅಪ್ಪನೆದುರೇ ಆಗಲೆಂದು ಅವರ ಹಾಸಿಗೆಯ ಮುಂದಿಟ್ಟು ತಿರುಗಿಸಿದೆ. ಕೂದಲೆಳೆಯಷ್ಟೂ ಅಲುಗಲಿಲ್ಲ. ಎಣ್ಣೆ ಬಿಟ್ಟೆ, ಬೈದೆ, ಒಂದು ಹಲ್ಲು ಮುರಿದೆ.

ಅಪ್ಪ ಒಂದು ಗೇರಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ತುಟಿ ಅಲ್ಲಾಡಿತು, ಗಾಳಿ ಮಾತ್ರ ಕತ್ತಿನ ತೂತಿನಿಂದ ಹೊರಟಿತು.

"ಸೀದಾ" ಎಂದೆ ನಾನು, ನನ್ನ ದನಿಯಲ್ಲಿ. ಬೆರಳು ಪಕ್ಕದ್ದಕ್ಕೆ ಹೋಯಿತು. "ಉಲ್ಟಾ." ಮೂರನೆಯದಕ್ಕೆ ಹೋಯಿತು. ಅದು ಆ ಎರಡಕ್ಕೂ ತಾಗಿತ್ತು. ಸೀದಾ ಎಂದರೆ ಮೊದಲನೆಯದು ತಡೆಯುತ್ತದೆ, ಉಲ್ಟಾ ಎಂದರೆ ಎರಡನೆಯದು. ಚೆಂಡಿನ ಪ್ರತಿ ಮೂಲೆಯಲ್ಲೂ ಹೀಗೇ ಮೂರು ಗೇರು ಒಂದನ್ನೊಂದು ಕಚ್ಚಿ ನಿಂತಿದ್ದವು. ಕೂಡಿಸಿದ ಮೇಲೆ ಒಂದು ಸಲ ಕೂಗಿದ್ದರೆ ತಿಳಿಯುತ್ತಿತ್ತು. ಕೂಗುವವರು ಅಂಗಡಿಯಲ್ಲಿ ಇರಲಿಲ್ಲ, ಅಷ್ಟೇ.

ಎಂಟು ಮುಖದ್ದನ್ನು ಮಾಡಿ ತರುವಷ್ಟರಲ್ಲಿ ಅಪ್ಪ ಎದ್ದು ಕೂರಲಾರದಂತಾಗಿದ್ದರು. ಎರಡು ಪಿರಮಿಡ್ಡುಗಳನ್ನು ಬುಡಕ್ಕೆ ಬುಡ ಅಂಟಿಸಿದಂಥ ಆಕಾರ. ಅದರಲ್ಲಿ ಮೂಲೆಗೆ ನಾಲ್ಕು ಗೇರು, ಎರಡು ಸೀದಾ, ಎರಡು ಉಲ್ಟಾ. ಅವರ ಎದೆಯ ಹತ್ತಿರ ಹಿಡಿದೆ. ಅಪ್ಪನ ಬೆರಳು ಏರಿ ಒಂದು ಗೇರಿನ ಮೇಲೆ ಕೂತಿತು. ಈ ಸಲ ಅವರ ದನಿ ತಾನಾಗಿಯೇ ನನ್ನ ಬಾಯಿಗೆ ಬಂತು: "ಸೀದಾ!"

ಅಡುಗೆಮನೆಯಲ್ಲಿ ತಾಟು ಬಿದ್ದ ಸದ್ದು. ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಏನಂದ್ರೀ? ಮಾತಾಡಿದ್ರೇನ್ರೀ?"

ಅಪ್ಪನನ್ನು ನೋಡಿದಳು, ಆಮೇಲೆ ನನ್ನನ್ನು.

"ನೀ ಏನೋ ಅಂದಿದ್ದು," ಎಂದಳು. ಗೋಡೆಗೆ ಒರಗಿ ಹಾಗೇ ಕುಳಿತಳು.

ಯಾರ ನಕಲು ಮಾಡಲೂ ಹೆದರದ ನನಗೆ ಬಾಯಿ ತೆರೆಯಲು ಹೆದರಿಕೆಯಾಯಿತು. ಆದರೆ ಅಪ್ಪನ ಬೆರಳು ಆಗಲೇ ಎರಡನೆಯ ಗೇರಿಗೆ ಬಂದು ಕಾಯುತ್ತಿತ್ತು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು, "ಹೇಳು," ಎಂದಳು. "ಅವರ ದನಿಲೇ ಹೇಳು."