ಸಾವಿತ್ರಿ ಅಲುಗದೆ ಕುಳಿತ ದಿನ

ಮಕ್ಕಳ ಚಿತ್ತವೂ ಮೈಯೂ ಒಂದೆಡೆ ನಿಲ್ಲದ ಎಡಿಎಚ್‌ಡಿ ಎಂಬ ತೊಂದರೆಯೊಂದು ಇದೆಯೆಂದು ನನಗೆ ಮೊದಲು ಹೇಳಿದವರು ರಬಕವಿಯ ನನ್ನ ಮಗಳ ಸಾಲಿಯ ಶಾಂತಾ ಅಕ್ಕೋರು. "ನಿಮ್ಮ ಸಾವಿತ್ರಿ ಶಾಣ್ಯಾಕಿ ಅದಾಳ್ರಿ, ಆದ್ರ ಒಂದ ಕಡೆ ಚಿತ್ತ ನಿಲ್ಲೂದಿಲ್ಲ. ಜಮಖಂಡಿ ಡಾಕ್ಟರಿಗೆ ತೋರಿಸಿ ಚೀಟಿ ತರ್ರಿ, ಪರೀಕ್ಷಾದಾಗ ಹೆಚ್ಚಿನ ವ್ಯಾಳ್ಯಾ ಕೊಡಸ್ತೀನಿ. ಇಲ್ಲಂದ್ರ ಈ ವರ್ಷನೂ ಫೇಲ್ ಆಗ್ತಾಳ" ಅಂದರು.

ಡಾಕ್ಟರ ಮುಂದೆ ಮಗಳು ಕುಣಿದಾಡಿದರೆ ಮನೆತನದ ಮಾನ ಹೋದೀತೆಂದು ನಾನು ಒಂದು ವಾರ ತಾಲೀಮು ಕೊಟ್ಟೆ. ದಿನಾ ಮುಂಜಾನೆ ನನ್ನ ಪೂಜೆ ಮುಗಿದು ಮಂಗಳಾರತಿ ಆಗುವ ತನಕ ದೇವರ ಜಗಲಿಯ ಮುಂದೆ ಅಲುಗದೆ ಕುಳಿತರೆ ಒಂದು ಪೇಡೆ.

ಜಮಖಂಡಿಯಲ್ಲಿ ಸಾವಿತ್ರಿ ಮೂರ್ತಿಯಂತೆ ಕುಳಿತಳು. ಡಾಕ್ಟರಬಾಯಿ ಅರ್ಧ ತಾಸು ನೋಡಿ, "ಈಕಿಗೆ ಏನೂ ಕಾಣವಲ್ದಲ್ರಿ" ಅಂದರು. ನಾನು ಹಿಗ್ಗಿದೆ. ಚೀಟಿ ಸಿಗುವುದಿಲ್ಲವೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಅಷ್ಟರಲ್ಲಿ ಮಗಳು ಪಿಸುಗುಟ್ಟಿದಳು: "ಅಪ್ಪಾ, ಮಂಗಳಾರತಿ ಇನ್ನಾ ಎಷ್ಟೊತ್ತಿಗೆ? ನನ್ನ ಕಾಲು ಜೋಮ ಹಿಡದಾವ."

"ಯಾವ ಮಂಗಳಾರತಿ ಅವ್ವಾ?" ಎಂದು ಡಾಕ್ಟರಬಾಯಿ ಕೇಳಿದರು. ನಾನು ತಲೆ ತಗ್ಗಿಸಿ ಎಲ್ಲ ಹೇಳಿದೆ.

"ಯಜಮಾನ್ರ, ಇದೇನು ಕನ್ಯಾ ನೋಡೂ ಕಾರ್ಯೇನ್ರಿ? ಪೇಡೆ ಬಂದ್ ಮಾಡ್ರಿ. ಅಕ್ಕೋರ ಕಡೆ ಆಕಿ ಸಾಲ್ಯಾಗ ಹೆಂಗಿರ್ತಾಳಂತ ಬರಸ್ಕೊಂಡು ಮುಂದಿನ ವಾರ ಬರ್ರಿ."

ಮುಂದಿನ ವಾರ ಸಾವಿತ್ರಿ ಡಾಕ್ಟರಬಾಯಿಯ ಮೇಜಿನ ಖಾನೆ ಎಳೆದಳು, ಪೆನ್ನು ಬಿಚ್ಚಿದಳು, ಪ್ರಶ್ನೆ ಮುಗಿಯುವ ಮೊದಲೇ ಕಿಟಕಿಗೆ ಓಡಿದಳು. ಅಕ್ಕೋರ ಬರಹವನ್ನೂ ಓದಿ ಡಾಕ್ಟರಬಾಯಿ ಚೀಟಿ ಬರೆದುಕೊಟ್ಟರು. ಮಗಳ ಗದ್ದಲ ಕಂಡು ನಾನು ದೇವರಿಗೆ ಕೈಮುಗಿದದ್ದು ಅದೇ ಮೊದಲು.

ಮಕ್ಕಳನ್ನು ಹೀಗೆ ತೋರಿಸಲು ಹೊರಟವರು ನಿಮ್ಮ ಓಣಿಯಲ್ಲಿದ್ದರೆ ದಯಮಾಡಿ ಅವರಿಗೆ ಇದನ್ನು ಹೇಳಿರಿ. ಪೇಡೆ ಹಂಚುವುದಿದ್ದರೆ ಚೀಟಿ ಕೈಗೆ ಬಂದ ಮೇಲೆ ಹಂಚಲಿ.